ಯಾವ ಕಾಯಿಲೆಯನ್ನೂ ವಾಸಿ ಮಾಡದ ಸಾರಿನ ಪುಡಿ

ನಮ್ಮ ರಸ್ತೆಯಲ್ಲಿ ಈಗ ಯಾರು ಬೇಕಾದರೂ ಏನನ್ನು ಬೇಕಾದರೂ ನುಂಗಬಹುದು. ಕೇಳುವವರು ಹೋದರು.

ಹೋದ ತಿಂಗಳು ತೀರಿಕೊಂಡ ಆ ಮನುಷ್ಯ ನನ್ನ ಮನೆ ಮಾಲೀಕರು. ಜಯನಗರದ ಟಿ ಬ್ಲಾಕಿನ ಆ ಮನೆಯ ಮಹಡಿಯಲ್ಲಿ ಅವರು ಮತ್ತು ಅವರ ಹೆಂಡತಿ ಶಾರದಮ್ಮ. ಕೆಳಗೆ ಬಾಡಿಗೆಗೆ, ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ನಾನು ಒಬ್ಬಳೇ. ರಸ್ತೆಯವರೆಲ್ಲ ಅವರನ್ನು ‘ಇನ್ಸ್‌ಪೆಕ್ಟರ್ ಸಾರ್’ ಎನ್ನುತ್ತಿದ್ದರು. ಹೊಸದಾಗಿ ಬಂದವರು ಪೊಲೀಸ್ ಎಂದುಕೊಂಡು ಒಂದಷ್ಟು ದಿನ ನಮ್ಮ ಗೇಟಿನ ಮುಂದೆ ಕಾರು ನಿಲ್ಲಿಸುತ್ತಿರಲಿಲ್ಲ. ಪೊಲೀಸ್ ಅಲ್ಲ, ಔಷಧಿಗಳ ಗುಣಮಟ್ಟ ನೋಡುವ ಸರ್ಕಾರಿ ಇಲಾಖೆಯವರು, ಅದೂ ರಿಟೈರ್ ಆದವರು ಎಂದು ಗೊತ್ತಾದ ದಿನವೇ ಕಾರು ಬಂದು ನಿಲ್ಲುತ್ತಿತ್ತು.

ಸಣಕಲು ಮೈ, ಇಸ್ತ್ರಿ ಮಾಡಿದ ಅರ್ಧ ತೋಳಿನ ಷರಟು, ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಒಂದು ಭೂತಗನ್ನಡಿ. ಅಂಗಡಿಯಲ್ಲಾಗಲಿ, ಮದುವೆ ಮನೆಯಲ್ಲಾಗಲಿ, ಅವರ ಕೈಗೆ ಒಂದು ಪೊಟ್ಟಣ ಬಂದರೆ ಸಾಕು, ಭೂತಗನ್ನಡಿ ಹೊರಗೆ ಬರುತ್ತಿತ್ತು. ಪೊಟ್ಟಣವನ್ನು ತಿರುಗಿಸಿ ಹಿಂಭಾಗವನ್ನೇ ಮೊದಲು ಓದುತ್ತಿದ್ದರು. “ಮುಂದುಗಡೆ ಇರೋದು ಅವರಿಗೆ ಹೇಳ್ಬೇಕು ಅನ್ಸಿದ್ದು. ಹಿಂದುಗಡೆ ಇರೋದು ಅವರು ಹೇಳಲೇಬೇಕಾದದ್ದು,” ಎನ್ನುತ್ತಿದ್ದರು. ಓದಿ ಮುಗಿಸಿದ ಮೇಲೆ ಒಂದೇ ಪ್ರಶ್ನೆ: “ಬ್ಯಾಚ್ ನಂಬರ್ ಎಲ್ಲಿ?”

ಈ ಬ್ಯಾಚ್ ನಂಬರಿನ ಗೀಳು ಏನೆಂದು ನಾನೊಮ್ಮೆ ಕೇಳಿದ್ದೆ. “ಒಂದು ಸಲಕ್ಕೆ ಒಟ್ಟಿಗೆ ತಯಾರಾದದ್ದಕ್ಕೆಲ್ಲ ಒಂದೇ ನಂಬರ್ ಹಾಕ್ತಾರೆ ಮೇಡಂ. ಎಲ್ಲೋ ಒಂದು ಕಡೆ ತಪ್ಪು ಸಿಕ್ತು ಅನ್ನಿ, ಆ ನಂಬರ್ ಹಿಡ್ಕೊಂಡು ಉಳಿದದ್ದನ್ನೆಲ್ಲ ವಾಪಸ್ ಕರೀಬಹುದು. ನಂಬರ್ ಇಲ್ದಿದ್ರೆ ಹೋದದ್ದು ಹೋಯ್ತು.” ಹೀಗೆ ಹೇಳುವಾಗ ಅವರ ಮುಖ ನೋಡಿದರೆ, ಈ ಲೋಕದಲ್ಲಿ ನಂಬರ್ ಇಲ್ಲದೆ ಓಡಾಡುತ್ತಿರುವ ಸಕಲ ವಸ್ತುಗಳ ಚಿಂತೆಯೂ ಅವರ ತಲೆಯ ಮೇಲೇ ಇದೆ ಎನಿಸುತ್ತಿತ್ತು.

ನಾನು ಮನೆ ಬಾಡಿಗೆಗೆ ಹಿಡಿದ ದಿನವೇ ಅವರ ಪರಿಚಯ ಸರಿಯಾಗಿ ಆಯಿತು. ಕರಾರು ಪತ್ರ ಹಿಡಿದು ಬಂದವರು, “ಒಂದ್ನಿಮಿಷ,” ಎಂದು ಸೀದಾ ಅಡುಗೆಮನೆಗೆ ಹೋಗಿ ನಾನು ಆಗಷ್ಟೇ ಜೋಡಿಸಿದ್ದ ಕಪಾಟು ತೆರೆದರು. ಬೇರೆ ಮಾಲೀಕರು ಬಾಡಿಗೆದಾರರು ಮೊಟ್ಟೆ ತಿನ್ನುತ್ತಾರೋ ಎಂದು ನೋಡುತ್ತಾರೆ. ಇವರು ಮೊಟ್ಟೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅದರ ಹಿಂದಿದ್ದ ತೂಕ ಇಳಿಸುವ ಚಹಾದ ಡಬ್ಬಿ ಎತ್ತಿಕೊಂಡರು.

“ಇದರಲ್ಲಿ ಏನಿದೆ?”

“ಗಿಡಮೂಲಿಕೆ ಅಂತ ಬರ್ದಿದೆಯಲ್ಲ ಸಾರ್.”

“ಯಾವ ಗಿಡ? ಗಿಡ ಅಂದ ತಕ್ಷಣ ಒಳ್ಳೇದಾ? ಕಣಗಿಲೆನೂ ಗಿಡಾನೇ. ಕಷಾಯ ಮಾಡ್ಕೊಂಡು ಕುಡೀತೀರಾ?” ಆಮೇಲೆ ಡಬ್ಬಿಯನ್ನು ಕೆಳಗಿಟ್ಟು, “ಅಡ್ವಾನ್ಸ್ ನಿಧಾನಕ್ಕೆ ಕೊಡಿ, ಪರವಾಗಿಲ್ಲ. ಇದನ್ನ ಮಾತ್ರ ಇವತ್ತೇ ಬಿಡಿ,” ಎಂದರು. ಅದು ಬರೀ ಭೇದಿಯ ಚಹಾ ಎಂದು ಆಮೇಲೆ ಹೇಳಿದರು. ನಾನು ಇಳಿಸುತ್ತಿರುವುದು ತೂಕವಲ್ಲ ಎಂಬ ಅನುಮಾನ ನನಗೂ ಮೊದಲೇ ಇತ್ತು.

ಅವರು ಆಯುರ್ವೇದದ ವೈರಿ ಎಂದು ಪಾರ್ಕಿನಲ್ಲಿ ಸುದ್ದಿ ಇತ್ತು. ಸುಳ್ಳು. ಲೈಸೆನ್ಸ್ ಇರುವ ಕಂಪನಿಯ ಕಷಾಯವನ್ನು ಕೆಮ್ಮು ಬಂದಾಗಲೆಲ್ಲ ಅವರೇ ಕುಡಿಯುತ್ತಿದ್ದರು. ಅಲೋಪತಿ ಮಾತ್ರೆಯ ಹಾಳೆಯನ್ನೂ ಅದೇ ಅನುಮಾನದಿಂದ ತಿರುಗಿಸಿ ನೋಡುತ್ತಿದ್ದರು. ಅವರ ಜಗಳ ಏನಿದ್ದರೂ ‘ಶೇಕಡಾ ನೂರು ಗ್ಯಾರಂಟಿ’ ಎಂಬ ಮೂರು ಪದಗಳ ಜೊತೆ. “ಸಕ್ಕರೆ ಕಾಯಿಲೆ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದೇ ಅಪರಾಧ. ಕಾನೂನು ಇದೆ,” ಎಂದು ಪಾರ್ಕಿನ ಬೆಂಚಿನ ಮೇಲೆ ಕೂತು ಹೇಳುತ್ತಿದ್ದರು. ಕೇಳಿದವರು ತಲೆಯಾಡಿಸಿ, ಮನೆಗೆ ಹೋಗಿ ಅಂಥದೇ ಜಾಹೀರಾತನ್ನು ಮೂರು ಗ್ರೂಪುಗಳಿಗೆ ಕಳಿಸುತ್ತಿದ್ದರು.

ಒಮ್ಮೆ ಅದೇ ಪಾರ್ಕಿನ ಗೇಟಿನಲ್ಲಿ ಟೈ ಕಟ್ಟಿದ ಇಬ್ಬರು ಹುಡುಗರು ಉಚಿತ ತಪಾಸಣೆಯ ಮೇಜು ಹಾಕಿದರು. ಕೈಯಲ್ಲಿ ಒಂದು ಲೋಹದ ಕಡ್ಡಿ ಹಿಡಿದರೆ ಸಾಕು, ಲ್ಯಾಪ್‌ಟಾಪಿನ ಮೇಲೆ ಮೈಯೊಳಗಿನ ಸಮಸ್ತ ವಿಚಾರವೂ ಬಣ್ಣ ಬಣ್ಣವಾಗಿ ಮೂಡುತ್ತಿತ್ತು. ಆಮೇಲೆ ಅವರಲ್ಲೇ ಇರುವ ಕ್ಯಾಪ್ಸೂಲು. ಇನ್ಸ್‌ಪೆಕ್ಟರ್ ಸಾರ್ ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ ತರಕಾರಿ ಚೀಲದಿಂದ ಒಂದು ಸೌತೆಕಾಯಿ ತೆಗೆದು ಕಡ್ಡಿಯನ್ನು ಅದಕ್ಕೆ ಆನಿಸಿದರು. ಯಂತ್ರ ಸ್ವಲ್ಪ ಯೋಚಿಸಿ, ಸೌತೆಕಾಯಿಗೆ ಲಿವರ್ ವೀಕ್, ಕ್ಯಾಲ್ಸಿಯಂ ಸಾಲದು, ಮಾನಸಿಕ ಒತ್ತಡ ಜಾಸ್ತಿ ಎಂದು ತೋರಿಸಿತು. ಹುಡುಗರು ಮೇಜು ಮಡಚಿದರು. ಸಾರ್ ಗೆದ್ದ ಮುಖದಲ್ಲಿ ತಿರುಗಿದರೆ, ಹಿಂದೆ ನಿಂತಿದ್ದ ಹಿರಿಯರೊಬ್ಬರು ಗಾಬರಿಯಿಂದ ಕೇಳಿದರು:

“ಹಾಗಾದ್ರೆ ಇನ್ಮೇಲೆ ಸೌತೆಕಾಯಿ ತಿನ್ಬಾರ್ದಾ ಸಾರ್?”

ಅವರ ಜೀವನವನ್ನು ಒಂದು ಸಾಲಿನಲ್ಲಿ ಹೇಳು ಎಂದರೆ ನಾನು ಈ ಪ್ರಶ್ನೆಯನ್ನೇ ಹೇಳುತ್ತೇನೆ.

ಶಾರದಮ್ಮ ಗಂಡನ ಬಗ್ಗೆ ಹೇಳುತ್ತಿದ್ದುದು ಬೇರೆ. “ಇವರನ್ನ ಕಟ್ಕೊಂಡಾಗಿನಿಂದ ಒಂದು ಕೆಮ್ಮಿನ ಲೇಹ್ಯನಾದ್ರೂ ನೆಮ್ಮದಿಯಾಗಿ ನೆಕ್ಕಿಲ್ಲ ನಾನು.” ಆಕೆಗೆ ಹಳೆಯ ಸಕ್ಕರೆ ಕಾಯಿಲೆ. ಮಾತ್ರೆ ತಪ್ಪಿಸುವಂತಿರಲಿಲ್ಲ. ಆಕೆಯ ಕೈಯ ಸಾರಿನ ಪುಡಿ ನಮ್ಮ ರಸ್ತೆಯಲ್ಲಿ ಹೆಸರುವಾಸಿ. ಹುರಿದ ದಿನ ಮೂಲೆ ಮನೆಯವರೆಗೂ ಸೀನು. ಆ ಪುಡಿಯನ್ನು ಅಕ್ಕಪಕ್ಕದವರಿಗೆ ಕೊಡುವಾಗ ಇವರು ಸುಮ್ಮನೆ ಬಿಡುತ್ತಿರಲಿಲ್ಲ. ಪ್ರತಿ ಡಬ್ಬಿಗೂ ಒಂದು ಚೀಟಿ: ತಯಾರಿಸಿದ ದಿನ, ಬಳಸಿದ ಪದಾರ್ಥ, ತಯಾರಿಸಿದವರ ಹೆಸರು, ಬ್ಯಾಚ್ ನಂಬರ್, ಕೊನೆಯಲ್ಲಿ ಅಡಿಗೆರೆ ಎಳೆದು, ‘ಇದರಿಂದ ಯಾವ ಕಾಯಿಲೆಯೂ ವಾಸಿಯಾಗುವುದಿಲ್ಲ.’ ಅವರ ಅಕ್ಷರ ಡಾಕ್ಟರುಗಳನ್ನೇ ನಾಚಿಸುವಂತಿದ್ದುದರಿಂದ ಚೀಟಿ ಬರೆಯುವ ಕೆಲಸ ಒಬ್ಬಳೇ ಮಗಳು ಸುಮಾಳದು. ಲಂಗ ಹಾಕುತ್ತಿದ್ದ ಕಾಲದಿಂದಲೂ ಅವಳು ದುಂಡಗೆ ಬರೆದು ಅಂಟಿಸುತ್ತಿದ್ದಳಂತೆ. ಮದುವೆಯಾಗಿ ಕತ್ರಿಗುಪ್ಪೆಗೆ ಹೋದ ಮೇಲೂ ಬಂದಾಗಲೆಲ್ಲ ಒಂದು ಕಂತೆ ಬರೆದಿಟ್ಟು ಹೋಗುತ್ತಿದ್ದಳು. ಅಪ್ಪ ಹೇಳುವುದು, ಅವಳು ಬರೆಯುವುದು, ನಡುವೆ ಇಬ್ಬರೂ ಜಗಳವಾಡುವುದು ನಮ್ಮ ಮನೆಯ ಸೂರಿನಿಂದ ಕೇಳಿಸುತ್ತಿತ್ತು.

ಕತ್ರಿಗುಪ್ಪೆಯ ಬೀಗಿತ್ತಿ, ಅಂದರೆ ಸುಮಾಳ ಅತ್ತೆ, ಒಳ್ಳೆಯ ಹೆಂಗಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ನೀವು ಬೇರೆ ಏನೋ ಅಂದುಕೊಳ್ಳುತ್ತೀರಿ. ಕೊಡುವ ಕೈ, ನಗುವ ಮುಖ, ಸೊಸೆಯನ್ನು ಮಗಳಂತೆ ನೋಡಿಕೊಂಡವರು. ಅವರಿಗೆ ಯಾರೋ ಒಂದು ಹಸಿರು ಪುಡಿ ಕೊಟ್ಟರು. ಸಕ್ಕರೆ ಕಾಯಿಲೆಗೆ. ಅವರ ಸಕ್ಕರೆ ಇಳಿಯಿತು. ಆಮೇಲೆ ಅವರೇ ಅದರ ಏಜೆಂಟರಾದರು. ನಂಬಿಕೆ ಮೊದಲು ಬಂತು, ಕಮಿಷನ್ ಆಮೇಲೆ ಬಂತು; ಬಂದ ಮೇಲೆ ಎರಡೂ ಒಂದನ್ನೊಂದು ಬಿಟ್ಟಿರಲಿಲ್ಲ. ಆ ಪುಡಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದಿದವರಲ್ಲಿ ನಾಲ್ಕು ಜನವಾದರೂ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ.

ಆ ವರ್ಷದ ವರಮಹಾಲಕ್ಷ್ಮಿ ಹಬ್ಬಕ್ಕೆ ಕತ್ರಿಗುಪ್ಪೆಗೆ ಶಾರದಮ್ಮನ ಜೊತೆ ನಾನೂ ಹೋಗಿದ್ದೆ. ಅರಿಶಿನ ಕುಂಕುಮ ಕೊಟ್ಟು, ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಕಣ, ಬಳೆಯ ಜೊತೆಗೆ ಒಂದು ಹಸಿರು ಪುಡಿಯ ಪೊಟ್ಟಣವನ್ನೂ ತಾಂಬೂಲದ ಚೀಲದಲ್ಲಿ ಹಾಕಿ ಕೊಟ್ಟರು. ಪೊಟ್ಟಣದ ಮೇಲೆ ಲಕ್ಷ್ಮಿಯ ಚಿತ್ರ. ತಯಾರಿಸಿದವನು ಯಾರೋ ನಮ್ಮ ಹೆಂಗಸರನ್ನು ಚೆನ್ನಾಗಿ ಬಲ್ಲವನು. ತಾಂಬೂಲದಲ್ಲಿ ಬಂದದ್ದನ್ನು ಬೇಡ ಎನ್ನುವಂತಿಲ್ಲ. ಲಕ್ಷ್ಮಿ ಇರುವುದನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ಮನೆಯಲ್ಲಿ ಇಟ್ಟುಕೊಂಡು ವ್ಯರ್ಥ ಮಾಡುವಂತೆಯೂ ಇಲ್ಲ. ಉಳಿಯುವುದು ಒಂದೇ ದಾರಿ, ತಿನ್ನುವುದು. ನನಗೆ ಸಕ್ಕರೆ ಕಾಯಿಲೆ ಇಲ್ಲದ್ದರಿಂದ ನಾನು ನನ್ನ ಪೊಟ್ಟಣವನ್ನು ಫ್ರಿಜ್ಜಿನ ಹಿಂದೆ ನಿಲ್ಲಿಸಿ ಕೈಮುಗಿದೆ. ಶಾರದಮ್ಮ ತಿಂದರು.

ನವರಾತ್ರಿಯಲ್ಲಿ ನಮ್ಮ ರಸ್ತೆಯ ಒಂದು ಮನೆಯಲ್ಲಿ ಬೊಂಬೆ ನೋಡಲು ಹೋಗಿದ್ದೆವು. ಹಾಡು ಹೇಳಿ ಎಂದು ಶಾರದಮ್ಮನನ್ನು ಕೂರಿಸಿದರು. ಎರಡನೆಯ ಸಾಲಿಗೇ ಧ್ವನಿ ನಡುಗಿತು, ಹಣೆ ಬೆವರಿತು, ಆಕೆ ನನ್ನ ತೋಳಿಗೆ ಒರಗಿಬಿಟ್ಟರು. ಒಬ್ಬರು ದೃಷ್ಟಿ ಎಂದರು, ಇನ್ನೊಬ್ಬರು ಸೆಖೆ ಎಂದರು, ಮೂರನೆಯವರು ವಿಡಿಯೊ ನಿಲ್ಲಿಸಿರಲಿಲ್ಲ. ಗೇಟಿನ ಹೊರಗೆ ಕಾಯುತ್ತಿದ್ದ ಇನ್ಸ್‌ಪೆಕ್ಟರ್ ಸಾರ್ ಚಪ್ಪಲಿ ಸಮೇತ ಒಳಗೆ ಬಂದು, ಹೆಂಡತಿಯ ಕೈ ಮುಟ್ಟಿ ನೋಡಿ, ಪಟ್ಟದ ಬೊಂಬೆಗಳ ಮುಂದೆ ನೈವೇದ್ಯಕ್ಕೆ ಇಟ್ಟಿದ್ದ ಬೆಳ್ಳಿ ಬಟ್ಟಲಿನಿಂದ ಸಕ್ಕರೆಯನ್ನು ಬಾಚಿ ನೀರಿಗೆ ಹಾಕಿ ಕುಡಿಸಿದರು. ಇನ್ನೂ ಆರತಿ ಆಗಿರಲಿಲ್ಲ. ಆ ಮನೆಯ ಅಜ್ಜಿ ಅದನ್ನು ಇವತ್ತಿಗೂ ಮರೆತಿಲ್ಲ. ಸ್ವಲ್ಪ ಹೊತ್ತಿಗೆ ಶಾರದಮ್ಮ ಕಣ್ಣು ಬಿಟ್ಟು, ಹಾಡು ಎಲ್ಲಿಗೆ ನಿಂತಿತ್ತು ಎಂದು ಕೇಳಿದರು.

ಮನೆಗೆ ಕರೆತಂದು ಮಲಗಿಸಿದ ಮೇಲೆ ಅವರು ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆದರು. ಹಸಿರು ಪುಡಿ ಸಿಕ್ಕಿದ್ದು ಸಾರಿನ ಪುಡಿಯ ಡಬ್ಬಿಯಲ್ಲಿ. ತಾಂಬೂಲದ ಪೊಟ್ಟಣ ಮುಗಿದ ಮೇಲೆ ಶಾರದಮ್ಮ ಇನ್ನಷ್ಟು ತರಿಸಿ ಬಚ್ಚಿಟ್ಟಿದ್ದರು. ಡಬ್ಬಿಯ ಮೇಲೆ ಸುಮಾಳ ದುಂಡಗಿನ ಅಕ್ಷರದಲ್ಲಿ, ಇದರಿಂದ ಯಾವ ಕಾಯಿಲೆಯೂ ವಾಸಿಯಾಗುವುದಿಲ್ಲ ಎಂದಿತ್ತು. ಆ ಪುಡಿಗೆ ತನ್ನ ಆಯುಷ್ಯದಲ್ಲಿ ಸಿಕ್ಕಿದ ಪ್ರಾಮಾಣಿಕವಾದ ಚೀಟಿ ಅದೊಂದೇ.

“ಎಲ್ಲಿಂದ ಬಂತು?” ಎಂದು ಕೇಳಿದರು.

“ತಾಂಬೂಲದ ಜೊತೆ ಬಂತು.”

“ಯಾರ ಮನೆ ತಾಂಬೂಲ?”

ಶಾರದಮ್ಮ ಗೋಡೆಯ ಕಡೆ ತಿರುಗಿದರು. “ಕತ್ರಿಗುಪ್ಪೆದು.”

“ಮಾತ್ರೆ?”

“ಅದನ್ನೂ ತಗೋತಿದ್ದೀನಿ. ನೀವು ಬೈತೀರ ಅಂತ ಅದನ್ನ ಬಿಡ್ಲಿಲ್ಲ. ಅವರು ಬೇಜಾರು ಮಾಡ್ಕೋತಾರೆ ಅಂತ ಇದನ್ನ ಬಿಡ್ಲಿಲ್ಲ.”

ಎರಡು ಮನೆಯ ಮರ್ಯಾದೆಯನ್ನೂ ಆಕೆ ಒಂದೇ ಹೊಟ್ಟೆಯಲ್ಲಿ ಕಾಪಾಡಿದ್ದರು. ಅವರು ಬೈಯಲಿಲ್ಲ. ಅಡುಗೆಮನೆಯ ನೆಲದ ಮೇಲೆ ಡಬ್ಬಿ ಹಿಡಿದುಕೊಂಡು ಕುಳಿತೇಬಿಟ್ಟರು. ಬರೀ ಸೊಪ್ಪಿನ ಪುಡಿ ಸಕ್ಕರೆಯನ್ನು ಇಷ್ಟು ಕೆಳಗೆ ಎಳೆಯುವುದಿಲ್ಲ, ಇದರಲ್ಲಿ ಯಾರೋ ಸಕ್ಕರೆ ಕಾಯಿಲೆಯ ಮಾತ್ರೆಯನ್ನೇ ಅರೆದು ಬೆರೆಸಿದ್ದಾರೆ, ಎಷ್ಟು ಬೆರೆಸಿದ್ದಾರೆಂದು ಬೆರೆಸಿದವನಿಗೂ ಗೊತ್ತಿರುವುದಿಲ್ಲ ಎಂದು ನನಗೆ ವಿವರಿಸಿದರು. ಅಷ್ಟು ವರ್ಷ ಊರಿಗೆಲ್ಲ ಕಾವಲು ಕಾದ ಮನುಷ್ಯನ ಅಡುಗೆಮನೆಗೇ ಅದು ಅರಿಶಿನ ಕುಂಕುಮದ ಜೊತೆ ನಡೆದು ಬಂದಿತ್ತು.

ಮರುದಿನ ಬೀಗಿತ್ತಿಗೆ ಫೋನ್ ಮಾಡಿ, ಪುಡಿ ಹಂಚುವುದನ್ನು ನಿಲ್ಲಿಸಿ ಎಂದು ಕೇಳಿಕೊಂಡರು. ಆಕೆ ನಕ್ಕರಂತೆ. “ಬೀಗರೇ, ನೀವು ಇಂಗ್ಲಿಷ್ ಔಷಧಿಯೋರು, ನಿಮಗೆ ಬೇರೇದು ಕಂಡ್ರಾಗಲ್ಲ. ನಾನೇನು ಅಂಗಡಿ ಇಟ್ಟಿದ್ದೀನಾ? ತಾಂಬೂಲ ಕೊಡೋದೂ ತಪ್ಪಾ?”

ಉಳಿದದ್ದು ಪರೀಕ್ಷೆ. ಅಲ್ಲಿ ಒಂದು ತೊಡಕು. ಅನುಮಾನ ಬಂದ ಔಷಧಿಯನ್ನು ಸಾಮಾನ್ಯ ಜನರೂ ಶುಲ್ಕ ಕಟ್ಟಿ ಸರ್ಕಾರಿ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬಹುದು. ಆದರೆ ಅದನ್ನು ಕೊಂಡವರು ತಾವೇ ಎಂದು ತೋರಿಸಬೇಕು. “ತಾಂಬೂಲಕ್ಕೆ ಬಿಲ್ ಇರಲ್ಲ ಮೇಡಂ,” ಎಂದರು. ಹಾಗಾಗಿ ಕೊಳ್ಳಲು ಹೊರಟರು. ಶಾರದಮ್ಮ ಮೆಟ್ಟಿಲ ಮೇಲೆ ಅಡ್ಡ ನಿಂತದ್ದನ್ನು ನಾನು ಕೆಳಗಿನಿಂದ ನೋಡಿದೆ.

“ಮಗಳ ಮನೆ ರೀ ಅದು. ನನಗೇನೂ ಆಗ್ಲಿಲ್ವಲ್ಲ. ಮಾಡೋದಿದ್ರೆ ಬೇರೆ ಯಾರ ಮೇಲಾದ್ರೂ ಮಾಡಿ.”

“ಬೇರೆ ಯಾರೋ ಅಂದ್ರೆ ಅವರೂ ಇನ್ಯಾರಿಗೋ ಬೀಗರೇ ಆಗಿರ್ತಾರೆ ಶಾರದಾ.”

“ಸುಮಾ ಮತ್ತೆ ಈ ಮೆಟ್ಟಿಲು ಹತ್ತಲ್ಲ.”

“ಅವರ ಮನೇಲಿ ತಾಂಬೂಲ ತಗೊಂಡೋರು ಎಷ್ಟು ಜನ? ಎಲ್ಲರೂ ಬೊಂಬೆ ಮುಂದೇನೇ ಬೀಳ್ತಾರಾ? ಒಬ್ಬೊಬ್ಬರೇ ಇರೋ ಮನೇಲಿ ಬಿದ್ರೆ ಸಕ್ಕರೆ ಕುಡಿಸೋರು ಯಾರು?” ಎಂದು ಹೇಳಿ, ಹೆಂಡತಿಯ ಪಕ್ಕದಲ್ಲಿ ಉಳಿದಿದ್ದ ಸಂದಿಯಲ್ಲಿ ಮೈ ಹಿಡಿಮಾಡಿಕೊಂಡು ಇಳಿದು ಹೋದರು. ಒಬ್ಬಳೇ ಇರುವ ನನಗೆ ಆ ಮಾತು ನಾಟಿತು.

ಕತ್ರಿಗುಪ್ಪೆಯಲ್ಲಿ ಅವರಿಗೆ ಹಬ್ಬದ ಸ್ವಾಗತ ಸಿಕ್ಕಿತು. ಬೀಗರು ಕೊನೆಗೂ ದಾರಿಗೆ ಬಂದರು ಎಂದು ಬೀಗಿತ್ತಿ ಒಬ್ಬಟ್ಟು ಬಡಿಸಿದರು. ಬಿಲ್ ಕೇಳಿದಾಗ, “ಬೀಗರ ಹತ್ರ ಬಿಲ್ ಎಂಥದ್ದು?” ಎಂದವರು, ಇವರು ಪಟ್ಟು ಹಿಡಿದ ಮೇಲೆ ಬರೆದೂ ಕೊಟ್ಟರು. ಬಿಲ್ ಕೊಡುವ ಮುಂಚೆ ಪೊಟ್ಟಣ ಹಿಡಿದ ಇವರ ಫೋಟೊ ತೆಗೆದುಕೊಂಡರು. ಸಂಜೆಯೊಳಗೆ ಆ ಫೋಟೊ ಬನಶಂಕರಿ, ಜೆ.ಪಿ. ನಗರಗಳನ್ನೆಲ್ಲ ಸುತ್ತಿ ನನ್ನ ಫೋನಿಗೂ ಬಂತು. ಜೇಬಿನಲ್ಲಿ ಭೂತಗನ್ನಡಿ ಸ್ಪಷ್ಟವಾಗಿ ಕಾಣುತ್ತಿತ್ತು. ಕೆಳಗೆ ಬರೆದಿದ್ದರು: ಜೀವನವಿಡೀ ಔಷಧಿ ಪರೀಕ್ಷೆ ಮಾಡಿದ ಅಧಿಕಾರಿಗಳೇ ಈಗ ನಮ್ಮ ಪುಡಿಯನ್ನು ಕೊಳ್ಳುತ್ತಿದ್ದಾರೆ, ನೀವೇಕೆ ತಡ ಮಾಡುತ್ತೀರಿ?

ಪುಡಿಯ ವ್ಯಾಪಾರ ಎಂದೂ ಇಲ್ಲದಷ್ಟು ಏರಿತು. ಅವರು ಬಾಯಿ ಬಿಡುವಂತಿರಲಿಲ್ಲ. ವರದಿ ಬರುವ ಮುಂಚೆ ಮಾತಾಡಿದರೆ ತಯಾರಿಸುವವನು ಸಾಮಾನು ಸಮೇತ ಮಾಯವಾಗುತ್ತಾನೆ ಎಂಬುದು ಅವರ ವೃತ್ತಿಯ ಮೊದಲ ಪಾಠ. “ಏನ್ ಸಾರ್, ಕೊನೆಗೂ ನೀವೂ ನಮ್ಮ ಪಾರ್ಟಿ,” ಎಂದು ಪಾರ್ಕಿನಲ್ಲಿ ಬೆನ್ನು ತಟ್ಟಿದರೆ, “ಹೂಂ,” ಎನ್ನುತ್ತಿದ್ದರು. ನಾನು ಅಂಥ ಶಿಕ್ಷೆಯನ್ನು ಯಾರಿಗೂ ಬಯಸುವುದಿಲ್ಲ. ಆದರೆ ಸುಮ್ಮನೆ ಇರಲೂ ಆಗದೆ ಒಂದು ಉಪಾಯ ಮಾಡಿದರು. ದಿನಾ ಬೆಳಿಗ್ಗೆ ಜೇಬು ತುಂಬ ಪೆಪ್ಪರ್‌ಮಿಂಟ್ ತುಂಬಿಕೊಂಡು ಹೋಗಿ, ಕಂಡವರ ಕೈಗೆಲ್ಲ ಹಿಡಿ ಹಿಡಿ ಕೊಟ್ಟು, “ಮಾತ್ರೆ ಬಿಡ್ಬೇಡಿ. ಶುಗರ್ ಚೆಕ್ ಮಾಡಿಸ್ತಾ ಇರಿ. ಕೈ ನಡುಗಿದ್ರೆ ತಕ್ಷಣ ಇದನ್ನ ಬಾಯಿಗೆ ಹಾಕ್ಕೊಳ್ಳಿ,” ಎಂದು ಹೇಳಿಕೊಂಡು ತಿರುಗಿದರು. ಇಷ್ಟು ದಿನ ಬೈಯುತ್ತಿದ್ದವರು ಪೆಪ್ಪರ್‌ಮಿಂಟ್ ಕೊಡುವುದು ನೋಡಿ ಜನ ಬೆರಗಾದರು. ಪುಡಿ ತಗೊಂಡ ಮೇಲೆ ಮನುಷ್ಯ ಎಷ್ಟು ಮೆತ್ತಗಾದರು ನೋಡಿ ಎಂದು ಅದನ್ನೂ ಪುಡಿಯ ಖಾತೆಗೇ ಹಾಕಿದರು.

ವರದಿ ಬಂತು. ಅವರ ಅನುಮಾನ ಸರಿಯಾಗಿತ್ತು. ದೂರು ಕೊಟ್ಟರು. ತಲಘಟ್ಟಪುರದ ಆಚೆ ಒಂದು ಶೆಡ್ಡಿನಲ್ಲಿ ಒಣ ಸೊಪ್ಪಿನ ರಾಶಿಯ ಪಕ್ಕದಲ್ಲೇ ಮಾತ್ರೆಗಳ ಚೀಲ ಸಿಕ್ಕಿತಂತೆ, ಬೀಗ ಬಿತ್ತು. ಅಲ್ಲಿಂದ ಅಧಿಕಾರಿಗಳು ಕತ್ರಿಗುಪ್ಪೆಗೂ ಬಂದು, ಇಡೀ ಬೀದಿ ನೋಡುತ್ತಿರುವಾಗ ದೇವರ ಮನೆಯ ಕಟ್ಟೆಯ ಕೆಳಗಿದ್ದ ಪೆಟ್ಟಿಗೆಗಳನ್ನು ಹೊತ್ತುಕೊಂಡು ಹೋದರು. ಬೀಗಿತ್ತಿಗೆ ಜೈಲು ಗೀಲು ಏನೂ ಆಗಲಿಲ್ಲ, ಅವರೂ ಮೋಸ ಹೋದವರೆಂದು ಹೇಳಿಕೆ ಪಡೆದು ಬಿಟ್ಟರು. ಆದರೆ ಬಂದವರಲ್ಲಿ ಒಬ್ಬ ಕಿರಿಯ ಅಧಿಕಾರಿ ಇನ್ಸ್‌ಪೆಕ್ಟರ್ ಸಾರ್ ಕೈಕೆಳಗೆ ಕೆಲಸ ಕಲಿತವನು, ಸುಮಾಳನ್ನು ಗುರುತಿಸಿದ. ಅವಳ ಗಾಬರಿ ನೋಡಲಾರದೆ, ಎಲ್ಲರ ಎದುರಿಗೇ ಪ್ರೀತಿಯಿಂದ ಧೈರ್ಯ ಹೇಳಿದ: “ಹೆದರ್ಕೋಬೇಡಮ್ಮ, ಕಂಪ್ಲೇಂಟ್ ಕೊಟ್ಟಿರೋದು ನಿಮ್ಮ ತಂದೆಯವರೇ.”

ಅಂದು ಸಂಜೆ ಸುಮಾ ಬಂದಳು. ಮಹಡಿಗೆ ಹತ್ತಲಿಲ್ಲ. ಕೊನೆಯ ಮೆಟ್ಟಿಲ ಹತ್ತಿರ ನಿಂತು ಕರೆದಳು. ಅವರು ಅರ್ಧ ಇಳಿದು ನಿಂತರು. ನನ್ನ ಬಾಗಿಲು ಅಲ್ಲೇ ಇರುವುದರಿಂದ ಕೇಳಿಸಿಕೊಳ್ಳದೆ ಇರಲು ಆಗಲಿಲ್ಲ.

“ನನ್ನನ್ನ ಒಂದು ಮಾತು ಕೇಳ್ಬೇಕಿತ್ತು ಅಪ್ಪ.”

“ಕೇಳಿದ್ರೆ ಬೇಡ ಅಂತಿದ್ದೆ.”

“ಹೂಂ, ಅಂತಿದ್ದೆ.”

“ಅದಕ್ಕೇ ಕೇಳ್ಲಿಲ್ಲ.”

“ಫೋಟೊ ತೆಗೆಸ್ಕೊಂಡ್ರಿ. ಅವರು ಮಾಡಿದ ಒಬ್ಬಟ್ಟು ತಿಂದ್ರಿ. ನನ್ನ ಅತ್ತೆ ಈಗ ಬಾಗಿಲು ಹಾಕ್ಕೊಂಡು ಕೂತಿದ್ದಾರೆ, ಹೊರಗೆ ಬರ್ತಿಲ್ಲ. ನಾನು ಆ ಮನೇಲಿರ್ಬೇಕು ಅಪ್ಪ, ನೀವಲ್ಲ.”

ಇಬ್ಬರದೂ ಸರಿ ಎಂದು ನನಗೆ ಅನಿಸಿತು, ಅನಿಸಿದ್ದರಿಂದ ಯಾರಿಗೂ ಪ್ರಯೋಜನವಾಗಲಿಲ್ಲ. ಸುಮಾ ಗೇಟು ಹಾಕಿಕೊಂಡು ಹೋದಳು.

ಪಾರ್ಕಿನಲ್ಲಿ ಅವರು ಈಗ ಬಾಯಿ ಬಿಡಬಹುದಿತ್ತು. ಎಲ್ಲರನ್ನೂ ಕೂರಿಸಿ, ಆ ಪುಡಿಯಲ್ಲಿ ಸಕ್ಕರೆ ಇಳಿಸುವ ಇಂಗ್ಲಿಷ್ ಮಾತ್ರೆ ಬೆರೆಸಿದ್ದರು, ಅಳತೆ ಇಲ್ಲ, ಜೀವ ಹೋಗಬಹುದಿತ್ತು ಎಂದು ಬಿಡಿಸಿ ಹೇಳಿದರು. ಎಲ್ಲರೂ ಗಂಭೀರವಾಗಿ ಕೇಳಿದರು. ಕೊನೆಗೆ ಸೌತೆಕಾಯಿಯ ಹಿರಿಯರೇ ಬಾಯಿ ತೆರೆದರು:

“ಅಂದ್ರೆ ಬರೀ ಸೊಪ್ಪಲ್ಲ, ಒಳಗಡೆ ನಿಜವಾದ ಔಷಧೀನೇ ಇತ್ತು ಅಂತಾಯ್ತು.”

“ನಾನು ಅಂದ್ಕೊಂಡಿದ್ದಕ್ಕಿಂತ ಒಳ್ಳೇ ಪುಡಿ,” ಎಂದರು ಇನ್ನೊಬ್ಬರು. “ಉಳಿದಿರೋ ಪೊಟ್ಟಣ ಯಾರ ಹತ್ರಾದ್ರೂ ಇದ್ಯಾ?”

ಅವರು ಬೆಂಚಿನಿಂದ ಎದ್ದು ಮನೆಗೆ ಬಂದರು. ಕೆಲವು ತಿಂಗಳಿಗೆ ಅಂಥದೇ ಪುಡಿ ಹಳದಿ ಪೊಟ್ಟಣದಲ್ಲಿ, ಬೇರೆ ಹೆಸರಿನಲ್ಲಿ, ಗಣಪತಿಯ ಚಿತ್ರದ ಜೊತೆ ಗೊಟ್ಟಿಗೆರೆಯ ಕಡೆಯಿಂದ ಬರತೊಡಗಿತು. ಭೂತಗನ್ನಡಿ ಮತ್ತೆ ಹೊರಗೆ ಬಂತು, ದೂರು ಮತ್ತೆ ಹೋಯಿತು. ಮನುಷ್ಯನಿಗೆ ಬೇಸರವಾದದ್ದನ್ನು ನಾನು ನೋಡಲಿಲ್ಲ. ದುಃಖವಾದದ್ದನ್ನು ನೋಡಿದೆ.

ಸುಮಾ ತಾಯಿಗೆ ಫೋನ್ ಮಾಡುತ್ತಿದ್ದಳು, ಅಪ್ಪ ವಾಕಿಂಗ್ ಹೋದ ಹೊತ್ತು ನೋಡಿ. ಇದು ಅವರಿಗೆ ಗೊತ್ತಾಯಿತು. ಅಂದಿನಿಂದ ಅವರ ವಾಕಿಂಗ್ ಉದ್ದವಾಯಿತು. ಪಾರ್ಕು ಮುಗಿಸಿ, ರಾಗಿಗುಡ್ಡ ಸುತ್ತಿ, ಬಿಸಿಲೇರಿದ ಮೇಲೆ ಗೇಟಿನ ಹತ್ತಿರ ಬಂದವರು ಮಹಡಿಯಲ್ಲಿ ಶಾರದಮ್ಮನ ಮಾತು ಕೇಳಿಸುತ್ತಿದ್ದರೆ ಹಾಗೇ ತಿರುಗಿ ಇನ್ನೊಂದು ಸುತ್ತು ಹೋಗುತ್ತಿದ್ದರು. ಕಾಲು ನೋವಲ್ಲವೇ ಎಂದರೆ, “ನಡೆದ್ರೆ ಒಳ್ಳೇದು ಮೇಡಂ, ಇದಕ್ಕೆ ಲೈಸೆನ್ಸ್ ಬೇಕಾಗಿಲ್ಲ,” ಎನ್ನುತ್ತಿದ್ದರು. ಸಾರಿನ ಪುಡಿಯ ಚೀಟಿಗಳನ್ನು ಈಗ ತಾವೇ ಬರೆಯುತ್ತಿದ್ದರು. ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ. ಆ ಡಬ್ಬಿಯಲ್ಲಿ ಏನಿದೆ ಎಂದು ನಾವು ವಾಸನೆಯ ಮೇಲೆ ನಂಬಬೇಕಾಯಿತು. ಬರೆದುಕೊಡಿ ಎಂದು ನನ್ನನ್ನು ಕೇಳಬಹುದಿತ್ತು, ಕೇಳಲಿಲ್ಲ. ಮಗಳ ಜಾಗವನ್ನು ಅವರು ಖಾಲಿ ಬಿಟ್ಟಿದ್ದರು, ನಾನೂ ಕೇಳಿಕೊಂಡು ಹೋಗಲಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ವಾಕಿಂಗಿನಿಂದ ಬಂದು ಮೆಟ್ಟಿಲ ಮೇಲೆ ಕುಳಿತವರು ಏಳಲಿಲ್ಲ. ಎದೆಯ ತೊಂದರೆಗೆ ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದರು, ಸರಿಯಾದ ಮಾತ್ರೆ, ಸರಿಯಾದ ಅಂಗಡಿಯಿಂದ. ಅವರ ಎಕ್ಸ್‌ಪೈರಿ ಡೇಟಿನ ಬಗ್ಗೆ ಮಾಡಬಹುದಾದ ತಮಾಷೆಯನ್ನೆಲ್ಲ ಪಾರ್ಕಿನವರು ಮಾಡಿ ಮುಗಿಸಿದ್ದಾರೆ, ನಾನು ಸೇರಿಸುವುದಿಲ್ಲ. ಸುಮಾ ಅಂದೇ ಬಂದಳು. ಮೆಟ್ಟಿಲು ಹತ್ತಿದಳು. ಎಲ್ಲ ಕೆಲಸವನ್ನೂ ಒಣಗಿದ ಕಣ್ಣಿನಲ್ಲಿ ಮಾಡಿದಳು. ಅವಳು ಅಳುತ್ತಿಲ್ಲ ಎಂದು ಬಂದವರು ಪಿಸುಗುಟ್ಟಿದರು.

ಹದಿಮೂರನೆಯ ದಿನ ಮನೆಯಲ್ಲಿ ಸಿಹಿ ಊಟ. ಊಟಕ್ಕೆ ನಿಲ್ಲಲಾಗದವರು ಬರಿಗೈಯಲ್ಲಿ ಹೋಗಬಾರದೆಂದು ಬಾಗಿಲಲ್ಲಿ ಒಂದೊಂದು ಲಾಡು ಪೊಟ್ಟಣ ಕೊಡುತ್ತಿದ್ದರು. ಕೊಡುತ್ತಿದ್ದವಳು ಸುಮಾ. ಕತ್ರಿಗುಪ್ಪೆಯ ಬೀಗಿತ್ತಿಯೂ ಬಂದಿದ್ದರು. ಆ ಘಟನೆಯಾದ ಮೇಲೆ ಈ ಮನೆಗೆ ಅದೇ ಮೊದಲು. ಶಾರದಮ್ಮನ ಕೈ ಹಿಡಿದು ಸ್ವಲ್ಪ ಹೊತ್ತು ಕುಳಿತು, ಊಟಕ್ಕೆ ನಿಲ್ಲದೆ ಹೊರಟರು. ನಾನು ಅವರ ಹಿಂದೆಯೇ ಇದ್ದೆ. ಸುಮಾ ಇಬ್ಬರಿಗೂ ಪೊಟ್ಟಣ ಕೊಟ್ಟಳು.

ಪೊಟ್ಟಣದ ಹಿಂಭಾಗದಲ್ಲಿ ಒಂದು ಚೀಟಿ ಅಂಟಿಸಿತ್ತು. ಆ ದುಂಡಗಿನ ಅಕ್ಷರ ನೋಡಿ ಎಷ್ಟು ಕಾಲವಾಗಿತ್ತೋ. ‘ಲಾಡು. ತಯಾರಿಸಿದ್ದು ಇಂದು ಬೆಳಿಗ್ಗೆ, ಮನೆಯಲ್ಲಿ. ಕಡಲೆಹಿಟ್ಟು, ಸಕ್ಕರೆ, ತುಪ್ಪ, ದ್ರಾಕ್ಷಿ, ಲವಂಗ. ಸಕ್ಕರೆ ಕಾಯಿಲೆ ಇರುವವರು ಚೂರು ಮಾತ್ರ ತಿನ್ನಿ.’ ಅದರ ಕೆಳಗೆ ಗೆರೆ ಎಳೆದು, ‘ಇದರಿಂದ ಯಾವ ಕಾಯಿಲೆಯೂ ವಾಸಿಯಾಗುವುದಿಲ್ಲ.’

ಬೀಗಿತ್ತಿ ಮೆಟ್ಟಿಲ ತುದಿಯಲ್ಲಿ ನಿಂತು, ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಚೀಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಇನ್ನೊಮ್ಮೆ ಓದಿದರು. ಏನು ಅನ್ನುತ್ತಾರೋ ಎಂದು ನಾನು ಕಂಬಿ ಹಿಡಿದುಕೊಂಡೆ. ಅವರು ಕನ್ನಡಕ ತೆಗೆದು, ಸೊಸೆಯ ಕಡೆ ತಿರುಗಿ, ಮೆಲ್ಲಗೆ ಕೇಳಿದರು:

“ಬ್ಯಾಚ್ ನಂಬರ್ ಹಾಕಿಲ್ವಲ್ಲ ಸುಮಾ.”

ಸುಮಾ ಕೈಯಲ್ಲಿದ್ದ ಪೊಟ್ಟಣಗಳ ತಟ್ಟೆಯನ್ನು ನೆಲಕ್ಕಿಟ್ಟು, ಅಪ್ಪ ಕೊನೆಯ ಸಲ ಕುಳಿತಿದ್ದ ಆ ಮೆಟ್ಟಿಲ ಮೇಲೆಯೇ ಕುಳಿತಳು. “ಹಾಕಿದ್ರೆ ವಾಪಸ್ ಕರೀಬಹುದಿತ್ತಾ ಅತ್ತೆ?” ಎಂದಳು. ಆಮೇಲೆ ಅತ್ತಳು. ಬೀಗಿತ್ತಿ ಸೆರಗು ಸರಿಮಾಡಿಕೊಂಡು ಅವಳ ಪಕ್ಕದಲ್ಲಿ ಕುಳಿತರು. ಊಟಕ್ಕೆ ನಿಂತರು.